ತಾರೀಕಿಲ್ಲದವರು

"ಅಲ್ಲಾಡಿಸಬೇಡಿ ಕುಮುದಕ್ಕ, ಇನ್ನೂ ನಲವತ್ತು ಬಾಕಿ ಇವೆ," ಎಂದೆ.

ಲ್ಯಾಪ್‌ಟಾಪಿನ ಕೀಲು ಮುರಿದಿತ್ತು. ಪರದೆ ಹಿಂದಕ್ಕೆ ಬೀಳದಂತೆ ಅವರು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ನಿಂತಿದ್ದರು, ಹಸುಗೂಸಿನ ಕತ್ತಿಗೆ ಕೈ ಕೊಟ್ಟ ಹಾಗೆ. ಪರದೆಯ ಮೇಲೆ ಹೆಸರುಗಳು ಒಂದರ ಹಿಂದೊಂದು ಮೇಲಕ್ಕೆ ಸರಿಯುತ್ತಿದ್ದವು. ಎಲ್ಲವೂ ನಮ್ಮ ಊರಿನವರ ಹೆಸರುಗಳು. ಕೆಲವರ ಹೆಣಕ್ಕೆ ನಾನು ಹೆಗಲು ಕೊಟ್ಟಿದ್ದೆ, ಕೆಲವರ ಜೊತೆ ಅದೇ ದಿನ ಬೆಳಿಗ್ಗೆ ಚಹಾ ಕುಡಿದಿದ್ದೆ.

ಕುಮುದಕ್ಕ ಊರಿನ ಲೈಬ್ರರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅವರದೊಂದು ಬ್ಲಾಗ್ ಇತ್ತು. ಹೆಸರು 'ಇದ್ದವರು'. ಊರಿನಲ್ಲಿ ಯಾರು ಸತ್ತರೂ ಅವರ ಬಗ್ಗೆ ಅದರಲ್ಲಿ ಒಂದು ಪುಟ ಬರುತ್ತಿತ್ತು. ಸತ್ತ ಮೇಲೆ ಮನೆಯವರನ್ನು ಕೇಳಿ ಬರೆಯುವುದು ಅವರಿಗೆ ಹಿಡಿಸದು. "ಸತ್ತವರ ಬಗ್ಗೆ ಎಲ್ಲರೂ ಸುಳ್ಳೇ ಹೇಳೋದು," ಎನ್ನುತ್ತಿದ್ದರು. ಹಾಗಾಗಿ ಬದುಕಿದ್ದಾಗಲೇ ಜನರನ್ನು ಕರೆದು ಕೂರಿಸಿ, ಕಾಫಿ ಕೊಟ್ಟು, ಒಂದು ಗಂಟೆ ಮಾತಾಡಿಸಿ ಬರೆದಿಡುತ್ತಿದ್ದರು. ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ: ಬೆಳಿಗ್ಗೆ ಎದ್ದ ಕೂಡಲೇ ಮೊದಲು ಏನು ನೋಡುತ್ತೀರಿ? ಊರಿನವರಿಗೆ ಇದು ರೂಢಿಯಾಗಿ, ಮದುವೆ ಫೋಟೋ ತೆಗೆಸಿಕೊಳ್ಳುವವರಂತೆ ಇಸ್ತ್ರಿ ಬಟ್ಟೆ ಹಾಕಿಕೊಂಡು ತಾವಾಗಿಯೇ ಬಂದು ಕೂರುತ್ತಿದ್ದರು. ಪ್ರಕಟವಾದ ಪುಟಗಳು ನಾನೂರ ಹನ್ನೆರಡು. ಬರೆದಿಟ್ಟು ಕಾಯುತ್ತಿದ್ದವು ಅರವತ್ತಮೂರು.

ಬ್ಲಾಗಿಗೆ ಜಾಗ ಕೊಟ್ಟಿದ್ದ ಕಂಪನಿ ತಿಂಗಳ ಕೊನೆಗೆ ಬಾಗಿಲು ಹಾಕುವುದಾಗಿ ತಿಳಿಸಿತ್ತು. ಎಲ್ಲವನ್ನೂ ಬೇರೆಡೆಗೆ ಸಾಗಿಸುವ ಕೆಲಸ ನನಗೆ ಬಿತ್ತು. ಊರಿನಲ್ಲಿ ಅಂಥ ಕೆಲಸ ಬಲ್ಲವನು ನಾನೊಬ್ಬನೇ ಇದ್ದೆ. ಎಲ್ಲರೂ ಬಳಸುವ ದೊಡ್ಡ ಸಾಫ್ಟ್‌ವೇರನ್ನು ಮೊದಲು ತೋರಿಸಿದೆ. ವಾರಕ್ಕೊಮ್ಮೆ ಅಪ್‌ಡೇಟ್ ಮಾಡದಿದ್ದರೆ ಕಳ್ಳರು ನುಗ್ಗುತ್ತಾರೆ ಎಂದೆ. "ನಾನು ಹೋದ ಮೇಲೆ ಅಪ್‌ಡೇಟ್ ಯಾರು ಮಾಡ್ತಾರೆ?" ಎಂದರು. ಇನ್ನೊಂದು ಕಂಪನಿಯ ಹೆಸರು ಹೇಳಿದೆ. "ಅದೂ ಮುಚ್ಚುತ್ತೆ," ಎಂದರು. ಕೊನೆಗೆ ತೀರಾ ಸರಳವಾದ ಒಂದು ಪ್ರೋಗ್ರಾಂ ಆರಿಸಿದೆ. ಅದರಲ್ಲಿ ಪ್ರತಿ ಬರಹವೂ ಒಂದು ಫೈಲು. ಮೇಲೆ ಹೆಸರು ಮತ್ತು ತಾರೀಕು, ಕೆಳಗೆ ಬರಹ. ದಿನಾ ಬೆಳಿಗ್ಗೆ ಆರಕ್ಕೆ ಅದು ಫೈಲುಗಳನ್ನೆಲ್ಲ ಓದಿ ಪುಟಗಳನ್ನು ಕಟ್ಟುತ್ತದೆ. ತಾರೀಕು ಇನ್ನೂ ಬಂದಿರದ ಬರಹವನ್ನು ಮುಟ್ಟುವುದಿಲ್ಲ.

ತೊಡಕು ಒಂದೇ. ತಾರೀಕಿಲ್ಲದ ಫೈಲನ್ನು ಅದು ಒಪ್ಪುತ್ತಿರಲಿಲ್ಲ. ಕಾಯುತ್ತಿದ್ದ ಅರವತ್ತಮೂರು ಜನರಿಗೆ ತಾರೀಕು ಎಲ್ಲಿಂದ ತರುವುದು? ನಾನೇ ಸುಳ್ಳು ತಾರೀಕು ಕೊಟ್ಟೆ. ಕುಮುದಕ್ಕ ಬರೆದ ಕ್ರಮದಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಐವತ್ತು ವರ್ಷದಾಚೆಯ ಒಂದು ಗುರುವಾರದಿಂದ ಶುರುಮಾಡಿ ಗುರುವಾರಕ್ಕೊಬ್ಬರಂತೆ ಹಂಚುವ ಒಂದು ಚಿಕ್ಕ ಲೆಕ್ಕ ಬರೆದೆ. ಸಾಲಿನಿಂದ ಒಬ್ಬರನ್ನು ತೆಗೆದರೆ ಹಿಂದಿನವರು ಒಂದೊಂದು ಹೆಜ್ಜೆ ಮುಂದೆ ಬರುವ ಹಾಗೆ ಮಾಡಿದೆ. ಕೆಲಸ ಮಾಡುತ್ತದೋ ಇಲ್ಲವೋ ನೋಡಲು, ಮುಂದಿನ ಗುರುವಾರವನ್ನೇ ಆರಂಭವಾಗಿ ಇಟ್ಟು ಪರೀಕ್ಷಿಸಿದೆ. ಚೆನ್ನಾಗಿ ಕೆಲಸ ಮಾಡಿತು. ಆ ಖುಷಿಯಲ್ಲಿ ಐವತ್ತು ವರ್ಷ ಸೇರಿಸುವುದನ್ನು ಮರೆತೆ.

ಆ ಗುರುವಾರ ಟೈಲರ್ ಗುರುಬಸಣ್ಣ ತೀರಿಕೊಂಡರು. ಮಣ್ಣು ಮುಗಿಸಿ ಬರುವಾಗ ಜೆರಾಕ್ಸ್ ಅಂಗಡಿಯ ಮುನೀರಾ ನನ್ನನ್ನು ಕೂಗಿ ನಿಲ್ಲಿಸಿದಳು. ನನಗಿಂತ ಎರಡು ವರ್ಷ ಚಿಕ್ಕವಳು, ಬಾಯಿ ಮಾತ್ರ ಊರಿಗೆಲ್ಲ ದೊಡ್ಡದು.

"ಅಣ್ಣಾ, ಗುರುಬಸಣ್ಣ ಹತ್ತು ಗಂಟೆಗೆ ಹೋದ್ರು ಅಂತಾರೆ. ನಾನು ಅವರ ಪುಟ ಏಳಕ್ಕೇ ಓದಿದ್ನಲ್ಲ?"

"ನೀನು ಗಡಿಯಾರ ತಪ್ಪು ನೋಡಿರಬೇಕು."

"ನನ್ನ ಗಡಿಯಾರ ಸರಿಯಾಗೇ ಇದೆ. ನನ್ನ ಪುಟಾನೂ ಕುಮುದಕ್ಕನ ಹತ್ರ ಇದೆ, ಹುಷಾರು! ಮುಂಚೆನೇ ಹಾಕಿಬಿಟ್ಟೀಯ. ಆಮೇಲೆ ಗಿರಾಕಿಗಳು ಬರೋದೇ ನಿಲ್ಲಿಸ್ತಾರೆ."

ಅವಳು ನಕ್ಕಳು. ನಾನು ಮನೆಗೆ ಓಡಿ ನೋಡಿದೆ. ನನ್ನ ತಪ್ಪು ಅಲ್ಲಿ ನನ್ನ ಕೈಬರಹದಷ್ಟೇ ಸ್ಪಷ್ಟವಾಗಿತ್ತು. ಕೂಡಲೇ ಐವತ್ತು ವರ್ಷ ಸೇರಿಸಿದೆ. ಗುರುಬಸಣ್ಣನಿಗೆ ಎಂಬತ್ತಾಗಿತ್ತು. ಇದು ಬರೀ ಕಾಕತಾಳೀಯ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ನೋಡಿದರೆ ತಾರೀಕುಗಳು ಮತ್ತೆ ಮುಂದಿನ ಗುರುವಾರಕ್ಕೇ ಬಂದು ನಿಂತಿದ್ದವು. ಯಾವುದೋ ಹಳೆಯ ಬ್ಯಾಕಪ್ ಮೇಲೆ ಬಂದು ಕೂತಿದೆ ಎಂದು ಅದನ್ನು ಅಳಿಸಿ ಮತ್ತೆ ಸರಿಮಾಡಿದೆ. ಮರುದಿನವೂ ಅದೇ ಕತೆ. ನಾಲ್ಕು ದಿನ ಹೀಗೇ ನಡೆಯಿತು. ವರ್ಷ ಬದಲಿಸಿದರೆ ಅದು ಒಪ್ಪುತ್ತಿರಲಿಲ್ಲ, ಸಾಲು ಬದಲಿಸಿದರೆ ಮಾತ್ರ ಸುಮ್ಮನಿರುತ್ತಿತ್ತು. ಗುರುವಾರದ ಸರದಿ ಶಾಲೆಯ ಬಿಸಿಯೂಟದ ಸಾಕಮ್ಮನದು. ನಾನು ಅವರ ಕೈಯ ಅನ್ನ ಉಂಡು ಬೆಳೆದವನು. ಬುಧವಾರ ಮಧ್ಯಾಹ್ನ ಅವರ ಫೈಲನ್ನು ಎತ್ತಿ ಸಾಲಿನ ತುದಿಗೆ ಹಾಕಿದೆ.

ಸಾಕಮ್ಮನ ಹಿಂದೆ ಇದ್ದದ್ದು ಕಂಡಕ್ಟರ್ ಜಯಶೀಲ. ನಲವತ್ತೊಂದು ವರ್ಷದ ಗಟ್ಟಿ ಮನುಷ್ಯ. ಗುರುವಾರ ಬೆಳಿಗ್ಗೆ ಆರಕ್ಕೆ ಅವನ ಪುಟ ಬಂತು. ಎಂಟೂವರೆಗೆ ಬಸ್ಸಿನ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಅಂದು ಸಂಜೆ ಕುಮುದಕ್ಕನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪರದೆಯ ಹಿಂದೆ ಕೈ ಕೊಟ್ಟು ನಿಂತು, ಸಾಲನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಬ್ಲಾಗನ್ನೇ ಮುಚ್ಚಿಬಿಡೋಣ," ಎಂದೆ.

"ಮುಚ್ಚಿದ್ರೆ ಸಾಯೋದು ನಿಲ್ಲುತ್ತೇನೋ? ಬರೆಯೋದು ನಿಲ್ಲುತ್ತೆ, ಅಷ್ಟೇ."

"ಹಾಗಾದ್ರೆ ಬದುಕಿರೋರ ಫೈಲುಗಳನ್ನು ತೆಗೀತೀನಿ. ಒಂದೂ ಬಿಡಲ್ಲ. ಸಾಲೇ ಇಲ್ಲದಿದ್ರೆ ಯಾರನ್ನು ಹಾಕುತ್ತೆ ಅದು?"

"ಮಾಡಿ ನೋಡು," ಎಂದರು.

ಅರವತ್ತೊಂದು ಫೈಲುಗಳನ್ನೂ ತೆಗೆದು ಒಂದು ಪೆನ್‌ಡ್ರೈವಿಗೆ ಹಾಕಿ ಅವರ ಕೈಗೆ ಕೊಟ್ಟೆ. ಆ ವಾರ ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ. ಗುರುವಾರ ಬೆಳಿಗ್ಗೆ ಆರಕ್ಕೆ ಹೊಸ ಪುಟವೊಂದು ಬಂದಿತ್ತು. ಅದರಲ್ಲಿ ತಾರೀಕು ಮಾತ್ರ ಇತ್ತು. ಹೆಸರಿರಬೇಕಾದ ಜಾಗ ಖಾಲಿ, ಬರಹದ ಜಾಗವೂ ಖಾಲಿ. ಕೆಳಗೆ ಮಾಮೂಲಿನಂತೆ 'ಹಿಂದಿನ ಪುಟ' ಎಂಬ ಗುರುತು ಇತ್ತು. ಒತ್ತಿದರೆ ಜಯಶೀಲನ ಪುಟ ತೆರೆದುಕೊಳ್ಳುತ್ತಿತ್ತು.

ಹನ್ನೊಂದರ ಸುಮಾರಿಗೆ ಮಾರುಕಟ್ಟೆಯ ನಲ್ಲಿಯ ಹತ್ತಿರ ಒಬ್ಬ ಮನುಷ್ಯ ಸತ್ತುಬಿದ್ದಿದ್ದ. ಐವತ್ತರ ಆಸುಪಾಸು. ಯಾರಿಗೂ ಗುರುತಿಲ್ಲ. ಜೇಬಿನಲ್ಲಿ ಒಂದು ಬಾಚಣಿಗೆ ಬಿಟ್ಟು ಬೇರೇನೂ ಇರಲಿಲ್ಲ. ಮೂರು ದಿನ ಕಾದು ಊರಿನವರೇ ಹೂತರು.

ಆ ಮೂರು ದಿನವೂ ಕುಮುದಕ್ಕ ಊರೆಲ್ಲ ಸುತ್ತಿದರು. ಹೋಟೆಲಿನಲ್ಲಿ ಕೇಳಿದರು, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರು. ಆತ ಯಾವ ಬಸ್ಸಿನಿಂದ ಇಳಿದ, ಯಾರ ಜೊತೆ ಮಾತಾಡಿದ, ಏನು ತಿಂದ? ಯಾರೂ ನೋಡಿರಲಿಲ್ಲ. ಕೊನೆಗೆ ಆ ಖಾಲಿ ಪುಟಕ್ಕೆ ಅವರು ಸೇರಿಸಿದ್ದು ಒಂದೇ ಸಾಲು. ಬಾಚಣಿಗೆಯ ಎರಡು ಹಲ್ಲು ಮುರಿದಿದ್ದವು ಎಂದು. ಅದನ್ನು ಬರೆದ ಮೇಲೆ ನನ್ನ ಕಡೆ ತಿರುಗದೆ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟರು. "ಎಲ್ಲರನ್ನೂ ವಾಪಸ್ ಹಾಕು," ಎಂದರು. ಹಾಕಿದೆ. ಇದ್ದ ಕ್ರಮದಲ್ಲೇ ಹಾಕಿದೆ. ಮೊದಲ ಹೆಸರನ್ನು ಆಗ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

ಬುಧವಾರ ಮಧ್ಯಾಹ್ನ ನೋಡಿದೆ. ಕುಮುದಕ್ಕ ಎಷ್ಟೋ ವರ್ಷದ ಹಿಂದೆ, ಬೇರೆಯವರಿಗೆ ಕೇಳುವ ಪ್ರಶ್ನೆಗಳನ್ನೆಲ್ಲ ತಮಗೇ ಕೇಳಿಕೊಂಡು, ತಮ್ಮ ಪುಟವನ್ನು ತಾವೇ ಬರೆದಿಟ್ಟಿದ್ದರು. ಸಾಲಿನ ತಲೆಯಲ್ಲಿ ಈಗ ಅದು ನಿಂತಿತ್ತು.

ಚಪ್ಪಲಿ ಹಾಕದೆ ಓಡಿದೆ. ಅವರು ಕಿಟಕಿಯ ಪಕ್ಕ ಲ್ಯಾಪ್‌ಟಾಪನ್ನು ಗೋಡೆಗೆ ಒರಗಿಸಿಕೊಂಡು ಕೂತು ತಮ್ಮ ಪುಟವನ್ನೇ ತಿದ್ದುತ್ತಿದ್ದರು.

"ಬಾ. ಇಲ್ಲಿ 'ಶಿಸ್ತಿನ ಹೆಂಗಸು' ಅಂತ ಬರ್ಕೊಂಡಿದ್ದೀನಿ ನೋಡು. ಎಂಥ ಜಂಬ ನಂಗೆ! ಲೈಬ್ರರಿ ಪುಸ್ತಕ ಒಂಬತ್ತು ಮನೆಗೆ ತಂದು ವಾಪಸ್ ಕೊಟ್ಟಿಲ್ಲ. ಅದನ್ನು ಹಾಕ್ತಿದ್ದೀನಿ."

"ಕುಮುದಕ್ಕ, ನಿಮಗೆ ಗೊತ್ತಿತ್ತಾ?"

"ಸಾಲು ಓದಿದ್ದೆನಲ್ಲೋ ಅವತ್ತೇ."

"ನಿಮ್ಮದನ್ನು ತುದಿಗೆ ಹಾಕ್ತೀನಿ. ಸಾಕಮ್ಮನ ಹಿಂದೆ. ಒಂದು ನಿಮಿಷದ ಕೆಲಸ."

"ನನ್ನ ಜಾಗಕ್ಕೆ ಯಾರು ಬರ್ತಾರೆ?"

ನಾನು ಬರಿಗಾಲಿಗೆ ಮೆತ್ತಿದ್ದ ಮಣ್ಣನ್ನು ಒರೆಸಿಕೊಂಡೆ.

"ಮುನೀರಾ ಅಲ್ವಾ?" ಎಂದರು. "ಆ ಹುಡುಗಿ ನನಗೆ ಏನನ್ನೂ ಸರಿಯಾಗಿ ಹೇಳಿಲ್ಲ ಕಣೋ. ಒಂದು ಗಂಟೆನೂ ನಗ್ತಾನೇ ಕೂತಿದ್ಲು. ಅವಳ ಪುಟದಲ್ಲಿ ಐದೇ ಸಾಲು ಇರೋದು."

ಮುಂದಿನ ಮಾತನ್ನು ನಾನು ದಾರಿಯಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಅದಕ್ಕಾಗಿ ಇವತ್ತಿಗೂ ನನಗೆ ನಾಚಿಕೆಯಿದೆ. ಆದರೆ ಅಂದು ಅದನ್ನು ಪೂರ್ತಿ ಮನಸ್ಸಿನಿಂದಲೇ ಹೇಳಿದೆ.

"ಹಾಗಾದ್ರೆ ಮತ್ತೆ ಎಲ್ಲ ಫೈಲು ತೆಗೀತೀನಿ. ಆವತ್ತಿನ ಹಾಗೆ. ನಮ್ಮೂರಿನವರು ಯಾರೂ ಹೋಗಲ್ಲ. ವಾರ ವಾರ ಹೀಗೇ ಮಾಡೋಣ. ಯಾರೋ ಹೋಗ್ತಾರೆ, ನಮಗೆ ಗೊತ್ತಿರದವರು."

ಕುಮುದಕ್ಕನ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. ಹೊರಗೆ ಮೊಸರಿನವಳು ಕೂಗಿಕೊಂಡು ಹೋದಳು. ಅವಳ ದನಿ ಬೀದಿಯ ತಿರುವಿನಲ್ಲಿ ಅಡಗುವವರೆಗೂ ಅವರು ಕೇಳಿಸಿಕೊಂಡರು.

"ನನಗೂ ಭಯ ಆಗುತ್ತೆ ಕಣೋ," ಎಂದರು. "ಆಗಲ್ಲ ಅನ್ಕೊಂಡ್ಯಾ? ಬೆಳಿಗ್ಗೆಯಿಂದ ಮೂರು ಸಲ ಕಾಫಿ ಮಾಡಿ ಮೂರು ಸಲವೂ ಕುಡಿಯೋದು ಮರೆತಿದ್ದೀನಿ."

"ಅದಕ್ಕೇ ಹೇಳ್ತಿರೋದು. ನಾಳೆ ಬೆಳಿಗ್ಗೆ ಆರು ಗಂಟೆಯೊಳಗೆ ಮಾಡಿದ್ರೆ ಸಾಕು. ಇಲ್ಲಿ ಕೊಡಿ," ಎಂದು ಲ್ಯಾಪ್‌ಟಾಪಿನ ಕಡೆ ಕೈ ಚಾಚಿದೆ.

"ಬೇಡ," ಎಂದರು ಕುಮುದಕ್ಕ. "ಕೈ ತೆಗಿ ಅಲ್ಲಿಂದ."