ನಿಂಗವ್ವನ ಬಾಯಿಂದ ಬಂದದ್ದು

ನಿಂಗವ್ವ ಹರಸಿದರೆ ಹಾಗೇ ಆಗುತ್ತದೆ ಎಂಬ ನಂಬಿಕೆ ಅವಳ ಊರ ಕಡೆ ಇತ್ತು. ಮದುಮಕ್ಕಳು ಅವಳ ಕಾಲು ಮುಟ್ಟದೆ ಅಕ್ಷತೆಗೆ ನಿಲ್ಲುತ್ತಿರಲಿಲ್ಲ. “ನಂದೇನೈತಿ, ದೇವ್ರು ಮಲ್ಲಯ್ಯ ಅನಸ್ತಾನ, ನಾ ಅಂತೀನಿ” ಎನ್ನುತ್ತಿದ್ದಳು. ಅದಕ್ಕೇ ಎಪ್ಪತ್ತು ವರ್ಷ ಒಂದು ಸುಳ್ಳೂ ಆಡದೆ ಬಾಯಿ ಕಾದುಕೊಂಡಿದ್ದಳು.

ಈಗ ಅಮೆರಿಕದ ಶುಗರ್ ಲ್ಯಾಂಡಿನಲ್ಲಿ ಮಗಳ ಮನೆಯಲ್ಲಿದ್ದಳು. ಊರಲ್ಲಿ ವಿಧಾನಸಭೆ ಚುನಾವಣೆ. ಎದುರಾಬದುರು ನಿಂತವರಿಬ್ಬರೂ ಅವಳವರೇ. ಒಬ್ಬ ಒಡಹುಟ್ಟಿದ ತಮ್ಮ ಅಣ್ಣಾಸಾಹೇಬ, ಇನ್ನೊಬ್ಬ ಮೈದುನನ ಮಗ ಶ್ರೀಶೈಲ್.

ಶ್ರೀಶೈಲ್ ಮೊದಲು ವಿಡಿಯೋ ಕಾಲ್ ಮಾಡಿದ. ಫೋನಿಗೇ ಹಣೆ ಹಚ್ಚಿ, “ದೊಡ್ಡವ್ವಾ, ಹರಸು” ಎಂದ. ಅವಳೇ ಎಣ್ಣೆ ಹಚ್ಚಿ ಎರೆದು ಬೆಳೆಸಿದ ಕೂಸು. “ಗೆದ್ದು ಬಾರೋ ನನ ಮಗನ” ಅಂದುಬಿಟ್ಟಳು. ಅವನ ಕಡೆಯವರು ರೆಕಾರ್ಡ್ ಮಾಡಿಕೊಂಡಿದ್ದರು. ಮರುದಿನ ಕ್ಷೇತ್ರದ ಫೋನುಗಳಲ್ಲೆಲ್ಲ ನಿಂಗವ್ವ.

ಮತದಾನಕ್ಕೆ ನಾಲ್ಕು ದಿನವಿರುವಾಗ ಬೆಳಗ್ಗೆ ತಮ್ಮನ ಫೋನು ಬಂತು.

“ಏನಕ್ಕಾ, ಅಮೆರಿಕಾಕ್ಕ ಹೋಗಿ ಪಾರ್ಟಿ ಬದಲಿ ಮಾಡಿದೇನು?”

“ಕೂಸು ಕೇಳಿತು, ಅಂದೆ. ನೀ ಕೇಳಿದ್ರ ನಿನಗೂ ಅಂತಿದ್ದೆ.”

“ಒಂದ ಹೊಟ್ಟ್ಯಾಗ ಹುಟ್ಟಿ, ನಾನೂ ಕೇಳಬೇಕಿತ್ತೇನು? ಈಗ ಒಂದ ಕೆಲಸ ಮಾಡು. ಅದು ನಾ ಅಲ್ಲ, ಕಂಪ್ಯೂಟರಿನಾಗ ಮಾಡಿದ ಸುಳ್ಳು ವಿಡಿಯೋ ಅಂತ ಹೇಳಿ ಕಳಸು.”

“ಖರೇನ ನಾ ಅಂದೇನಲ್ಲೋ.”

“ಹಂಗಾರ ತವರುಮನಿ ಮರತಬಿಡು.”

ಫೋನು ಇಟ್ಟ. ಮಗಳು ಐಶ್ವರ್ಯಾ ಎಲ್ಲ ಕೇಳಿಸಿಕೊಂಡು ಕಾರಿನ ಕೀ ಹಿಡಿದು ನಿಂತಿದ್ದಳು. “ಯವ್ವಾ, ಎರಡು ಮಾತು ಅಂದ್ಬಿಡು. ಈಗ ಎಲ್ಲಾರೂ ಹಂಗ ಅಂತಾರ. ನಂಗ ಒಂಬತ್ತಕ್ಕ ಮೀಟಿಂಗ್ ಐತಿ.”

ನಿಂಗವ್ವ ಸೆರಗು ಹೊದ್ದು ಕುರ್ಚಿಯಲ್ಲಿ ಕೂತಳು. ಮಗಳು ಫೋನು ಹಿಡಿದಳು.

“ಅದು ನಾ ಅಲ್ಲ. ನಾ ಯಾರಿಗೂ ಹಂಗ ಅಂದಿಲ್ಲ.”

ಒಂದೇ ಸಲಕ್ಕೆ ಸರಿಯಾಗಿ ಬಂತು. ಐಶ್ವರ್ಯಾ ಕಳಿಸಿ, ಹೊರಟುಹೋದಳು. ಗ್ಯಾರೇಜಿನ ಬಾಗಿಲು ಏರಿತು, ಇಳಿಯಿತು. ತನ್ನೊಳಗೆ ಏನಾದರೂ ಆದೀತೆಂದು ನಿಂಗವ್ವ ಕಾದಳು. ಏನೂ ಆಗಲಿಲ್ಲ. ಎದ್ದು ಮೂರು ರೊಟ್ಟಿ ಬಡಿದಳು. ಮಗಳು ಸಂಜೆ ಬಂದಾಗ ಮೂರೂ ಬುಟ್ಟಿಯಲ್ಲಿದ್ದವು. ಶನಿವಾರ ಅಳಿಯ ಆನಂದ್ ಗುಡಿಗೆ ಕರೆದೊಯ್ದ; ತೀರ್ಥ ಕೊಟ್ಟರು, ಕುಡಿದಳು, ನೀರಿನ ಹಾಗೇ ಇತ್ತು.

ಅಣ್ಣಾಸಾಹೇಬ ಒಂಬೈನೂರು ಮತಗಳಿಂದ ಗೆದ್ದ. ಇಲ್ಲಿ ಬೆಳಗಿನ ಚಹಾದ ಹೊತ್ತಿಗೆ ವಿಡಿಯೋ ಕಾಲ್ ಬಂತು. ಮುಖದ ತುಂಬ ಗುಲಾಲು, ಹಿಂದೆ ಹಲಗೆ ಬಡಿತ, ಜನ.

“ಅಕ್ಕಾ, ನಿನ್ನ ಮಾತಿಂದ ಗೆದ್ದೆ! ತವರಿಗೆ ಯಾವಾಗ ಬರ್ತಿ? ಈಗ ನನ್ನೂ ಹರಸು, ಎಲ್ಲಾರೂ ಕೇಳ್ಲಿ.” ಮೈಕನ್ನು ಫೋನಿಗೆ ಹಿಡಿಸಿ ತಲೆ ಬಾಗಿಸಿದ.

ನಿಂಗವ್ವ ಕೈ ಎತ್ತಿದಳು. ಅವನ ನೆತ್ತಿಯ ಬಿಳಿಗೂದಲು ಕಾಣುತ್ತಿತ್ತು. ಒಬ್ಬನೇ ತಮ್ಮ.

“ಆವಾಜ್ ಬರವಲ್ದಕ್ಕಾ!”

ಐಶ್ವರ್ಯಾ ಬಗ್ಗಿ ಫೋನು ನೋಡಿದಳು. “ಮ್ಯೂಟ್ ಏನೂ ಆಗಿಲ್ಲ. ಅನ್ನು ಯವ್ವಾ, ಕಾಯಾಕತ್ತಾರ.”

ನಿಂಗವ್ವ ಕೈ ಇಳಿಸಿ ಮಡಿಲಲ್ಲಿಟ್ಟುಕೊಂಡಳು.

“ಬ್ಯಾರೆ ಯಾರನ್ನಾರ ಕೇಳೋ ಅಪ್ಪಾ,” ಎಂದಳು, ಮೆಲ್ಲಗೆ. “ನಾ ಹರಸಿದ್ದು ಇನ್ನ ಹತ್ತೂದಿಲ್ಲ.”

ಹಲಗೆಯ ಸದ್ದಿನಲ್ಲಿ ಅಲ್ಲಿ ಯಾರಿಗೂ ಕೇಳಿಸಲಿಲ್ಲ. ಅಕ್ಕ ಏನೋ ಅಂದಳಲ್ಲ, ಅಷ್ಟೇ ಸಾಕಾಗಿ ಜನ ಜೈಕಾರ ಹಾಕಿದರು. ಅಣ್ಣಾಸಾಹೇಬ ಕಣ್ಣು ಮುಚ್ಚಿ ಫೋನಿಗೆ ಹಣೆ ಹಚ್ಚಿದ.