ಅರ್ಧರ್ಧ ಇಂಚು

"ಉಸಿರು ಒಳಗೆಳ್ಕೊ," ಎಂದಳು ಅತ್ತಿಗೆ. ಮೈದುನ ಎಳೆದುಕೊಂಡ. ಆದರೂ ಕಪ್ಪು ಪ್ಯಾಂಟಿನ ಗುಂಡಿಗೂ ಕಾಜಾಕ್ಕೂ ನಡುವೆ ಎರಡು ಬೆರಳು ಉಳಿಯಿತು.

ಹೊರಗೆ ಅಂಗಳದಲ್ಲಿ ಅವಳ ಗಂಡನನ್ನು ಮಲಗಿಸಿದ್ದರು. ಮೂವತ್ತು ವರ್ಷ ಊರವರ ಅಳತೆ ತೆಗೆದ ದರ್ಜಿ, ನಿನ್ನೆ ಬೆಳಗ್ಗೆ ಕತ್ತರಿ ಹಿಡಿದವನು ಹಾಗೇ ಮೇಜಿನ ಮೇಲೆ ಒರಗಿದ್ದ. ಎದೆಯ ರಕ್ತನಾಳ ಕಟ್ಟಿಕೊಂಡಿತ್ತಂತೆ. ಇನ್ನರ್ಧ ಗಂಟೆಯಲ್ಲಿ ಈ ತಮ್ಮ ಚಟ್ಟಕ್ಕೆ ಹೆಗಲು ಕೊಡಬೇಕು.

"ಅಣ್ಣ ಹೊಲಿದ ಪ್ಯಾಂಟು ಅತ್ತಿಗೆ, ಇವತ್ತು ಇದನ್ನೇ ಹಾಕ್ಕೋಬೇಕು. ಹೊಲಿಗೆ ಬಿಚ್ಚಿ ಸ್ವಲ್ಪ ಲೂಸ್ ಮಾಡ್ಕೊಡಿ."

ಅವಳು ಬ್ಲೇಡು ತೆಗೆದುಕೊಂಡಳು. ಕಿಟಕಿಯಾಚೆ ಪಕ್ಕದಂಗಡಿಯ ಕ್ಷೌರಿಕ ಯಾರಿಗೋ ಹೇಳುತ್ತಿದ್ದ: "ನಮ್ಮ ದರ್ಜಿ ನನ್ನ ಹೊಟ್ಟೆ ನೋಡಿ ಗುಡಾಣ ಅಂತ ಆಡ್ಕೋತಿದ್ರು. ತಮ್ದು ಮಾತ್ರ ಹತ್ತು ವರ್ಷದಿಂದ ಒಂದೇ ಅಳತೆ ಅಂತಿದ್ರು! ಅಂಥೋರಿಗೇ ಹೀಗಾಯ್ತಲ್ಲ."

ಬ್ಲೇಡು ಅಲ್ಲೇ ನಿಂತಿತು.

*

ಹತ್ತು ವರ್ಷದ ಹಿಂದೆ ಗಂಡ ಸಿಗರೇಟು ಬಿಟ್ಟಿದ್ದ. ಬಿಟ್ಟವನೇ ಬಾಯಾಡಿಸಲು ಶುರುಮಾಡಿದ. ಒಂದು ದಿನ ಪ್ಯಾಂಟು ಬಿಗಿಯಾಗಿ ಮುಖ ಸಪ್ಪಗೆ ಮಾಡಿಕೊಂಡ. ಅಯ್ಯೋ ಪಾಪ ಎನಿಸಿತು ಅವಳಿಗೆ. ಅವನು ಸ್ನಾನಕ್ಕೆ ಹೋದಾಗ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಬಿಟ್ಟು ಹೊಲಿದಿಟ್ಟಳು. "ನೋಡಿದ್ಯಾ, ಇಳಿದಿದೀನಿ!" ಎಂದು ಮಗುವಿನ ಹಾಗೆ ಹಿಗ್ಗಿದ. ಆ ಹಿಗ್ಗು ನೋಡುವ ಆಸೆಗೆ ಮತ್ತೆ ಅರ್ಧ, ಮತ್ತೂ ಅರ್ಧ. ಬಟ್ಟೆ ಸಾಲದಾದಾಗ ಒಳಗೊಂದು ಪಟ್ಟಿ ಕೊಟ್ಟಳು. ಗೊತ್ತೇ ಆಗದಷ್ಟು ನಯವಾಗಿ ಹೊಲಿಯಲು ಕಲಿಸಿದವನೂ ಅವನೇ. ಎಲ್ಲರ ಸೊಂಟಕ್ಕೆ ಟೇಪು ಸುತ್ತುವವನು ತನ್ನ ಸೊಂಟಕ್ಕೆ ಸುತ್ತಿಕೊಳ್ಳಲೇ ಇಲ್ಲ.

ಹೋದ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. "ಹೊಟ್ಟೆ ಬೆಳೆದ್ರೆ ರಕ್ತನಾಳದಲ್ಲೂ ಕೊಬ್ಬು ಕೂತ್ಕೊಳ್ಳುತ್ತೆ," ಎಂದು ಡಾಕ್ಟರು ರಕ್ತಪರೀಕ್ಷೆ ಬರೆದುಕೊಟ್ಟರು, ದಿನಾ ನಡೆಯಿರಿ ಎಂದರು. ದಾರಿಯಲ್ಲಿ ಅವನು ಚೀಟಿ ಮುದುರಿ ಎಸೆದ. "ಹತ್ತು ವರ್ಷದ ಪ್ಯಾಂಟು ಹಾಕ್ಕೊಂಡಿರೋನಿಗೆ ಕೊಬ್ಬೆಲ್ಲಿಂದ ಬರುತ್ತೆ?"

ನಿಜ ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

*

"ಬಿಚ್ಚಲ್ಲ," ಎಂದಳು.

"ಏನು ಅತ್ತಿಗೆ?"

ಅವಳು ಅವನ ರಟ್ಟೆ ಹಿಡಿದು ಅಂಗಳಕ್ಕೆ ಎಳೆತಂದಳು. ಡಾಕ್ಟರು ಗಂಡನ ಕಾಲ ಬಳಿ ಕೈಕಟ್ಟಿ ನಿಂತಿದ್ದರು.

"ಡಾಕ್ಟ್ರೇ, ನಮ್ಮನೆಯವರು ನಿಮ್ಮ ಮಾತು ಕೇಳ್ಲಿಲ್ಲ ಅಂತ ಅವರನ್ನ ದೂರ್ಬೇಡಿ. ಅವರ ಪ್ಯಾಂಟನ್ನ ಕದ್ದು ಲೂಸ್ ಮಾಡ್ತಾ ಬಂದೋಳು ನಾನು. ಸಪ್ಪೆ ಮುಖ ನೋಡಕ್ಕಾಗ್ತಿರ್ಲಿಲ್ಲ." ಸೆರಗಿನಿಂದ ಮೂಗೊರೆಸಿಕೊಂಡಳು. "ಇವನದನ್ನ ಲೂಸ್ ಮಾಡಲ್ಲ. ನಾಳೆ ಕರ್ಕೊಂಡು ಬರ್ತೀನಿ, ಪರೀಕ್ಷೆ ಬರ್ಕೊಡಿ."

ಡಾಕ್ಟರು ಮೈದುನನ ಹೊಟ್ಟೆಯತ್ತ ನೋಡಿದರು. "ಖಾಲಿ ಹೊಟ್ಟೇಲಿ ಕರ್ಕೊಂಡ್ಬನ್ನಿ ಅಮ್ಮ."

ಮೈದುನ ಎರಡೂ ಕೈಯಿಂದ ಪ್ಯಾಂಟು ಹಿಡಿದುಕೊಂಡು, ಅಳುತ್ತ, ತಲೆಯಾಡಿಸಿದ. ಮೊದಲು ಕ್ಷೌರಿಕ, ಆಮೇಲೆ ಅವನ ಪಕ್ಕದವನು, ಹಾಗೇ ಸಾಲಿನಲ್ಲಿ ನಿಂತ ಗಂಡಸರೆಲ್ಲ, ದರ್ಜಿಯ ಮುಂದೆ ಮೆಲ್ಲಗೆ ಹೊಟ್ಟೆ ಒಳಗೆಳೆದುಕೊಂಡರು.