ಜನರಿಲ್ಲದ ತೀರಗಳು

ಸರ್ಬಿಯಾದ ಪಿರೋಟ್ ಊರಿನ ಮಾಡುಗಳ ಮೇಲೆ ಚಳಿಗಾಲದ ಕೊನೆಯ ಹಿಮ ಇನ್ನೂ ಕೂತಿರುವಾಗಲೇ ತಿಹೊಮಿರ್ ಆ ವರ್ಷ ಕಡಲತೀರ ಹುಡುಕಲು ಶುರುಮಾಡಿದ. ಊಟ ಮುಗಿದ ಮೇಲೆ ಅಡುಗೆಮನೆಯ ಮೇಜಿನ ಹತ್ತಿರ ಕೂತು, ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಗ್ರೀಸಿನ ದಂಡೆಯನ್ನು ಬೆರಳಿನಿಂದ ಹಿಂದೆ ಮುಂದೆ ಸರಿಸುತ್ತಿದ್ದ.

ಹಿಂದಿನ ವರ್ಷಗಳಲ್ಲಿ ಆರಿಸುವ ಮಾತೇ ಇರಲಿಲ್ಲ. ಜುಲೈ ಬಂತೆಂದರೆ ಕಾರಿನ ಡಿಕ್ಕಿಗೆ ಕಾಫಿಪುಡಿ, ಹುರಿದ ಮೆಣಸಿನಕಾಯಿಯ ಬಾಟಲಿ, ಕುರಿಹಾಲಿನ ಚೀಸು ತುಂಬಿಕೊಂಡು, ಗೆಳೆಯ ಬುದಿಮಿರ್ ಮತ್ತು ಅವನ ಹೆಂಡತಿ ಸ್ಲಾವ್ಕಾ ಹೋಗುವ ಕಾರಿನ ಹಿಂದೆಯೇ ಬಲ್ಗೇರಿಯಾ ದಾಟಿ ಗ್ರೀಸಿನ ಕಡಲೂರು ಸಾರ್ತಿಗೆ ಇಳಿಯುವುದು. ಅದೇ ಮನೆಯೊಡತಿ, ಅದೇ ಛತ್ರಿಗಳ ಸಾಲು, ನೀರಿನಾಚೆ ಸನ್ಯಾಸಿ ಮಠಗಳ ಅದೇ ಪವಿತ್ರ ಪರ್ವತ. ಅರ್ಧ ಪಿರೋಟ್ ಅಲ್ಲೇ ಇರುತ್ತಿತ್ತು. ಕಾರಿನಿಂದ ಇಳಿದವಳೇ ಚಪ್ಪಲಿ ಎಸೆದು ನೀರಿಗೆ ಬೀಳುವವಳು ತಿಹೊಮಿರನ ಹೆಂಡತಿ ನೆವೆಂಕಾ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂರುವ ಹೆಂಗಸು ಅವಳು. ಅವಳ ನಗು ಹೊರಗೆ ರಸ್ತೆಗೂ ಕೇಳುತ್ತಿತ್ತು.

ಹೋದ ಶರತ್ಕಾಲದಲ್ಲಿ ನೀಶ್ ನಗರದ ಆಸ್ಪತ್ರೆಯಲ್ಲಿ ಅವಳ ಎಡ ಮೊಲೆ ತೆಗೆದರು. ಚಳಿಗಾಲವೆಲ್ಲ ಕೀಮೋ. ತಲೆಗೂದಲು ಉದುರಿ, ಮತ್ತೆ ಕರಡಿಮರಿಯ ತುಪ್ಪಳದ ಹಾಗೆ ಒಂದಿಷ್ಟು ಚಿಗುರಿದಾಗ, ಒಂದು ದಿನ ಪಾತ್ರೆ ತೊಳೆಯುತ್ತಾ, "ಈ ಸಲ ಸಮುದ್ರಕ್ಕೆ ಹೋಗ್ಬೇಕು ನಾನು," ಅಂದಳು. ತಿಹೊಮಿರನಿಗೆ ಖುಷಿಯಾಯಿತು. ಖುಷಿಯ ಬೆನ್ನಿಗೇ ಸಾರ್ತಿಯ ಛತ್ರಿಗಳ ಸಾಲು, ಅಲ್ಲಿ ನೋಡುವ ಕಣ್ಣುಗಳು ನೆನಪಾದವು.

ಅವನು ಹಲ್ಲಿನ ಸೆಟ್ಟು ಮಾಡುವವನು. ಹಲ್ಲಿಲ್ಲದವರು ಮಾತಾಡುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ಮೂವತ್ತು ವರ್ಷದಿಂದ ನೋಡುತ್ತಾ ಬಂದಿದ್ದ. ಇಲ್ಲದ್ದನ್ನು ಇದೆ ಅನ್ನಿಸುವ ಹಾಗೆ ಮಾಡಿಕೊಟ್ಟರೆ ಮನುಷ್ಯ ತಲೆಯೆತ್ತಿ ಓಡಾಡುತ್ತಾನೆ ಎಂಬುದು ಅವನ ನಂಬಿಕೆ. ಅದಕ್ಕೇ ನೀಶ್‌ಗೆ ಹೋಗಿ ಒಳಗೆ ಸಿಲಿಕಾನ್ ದಿಂಬು ಇರುವ ಈಜುಡುಗೆ ತಂದಿದ್ದ. ಅದಕ್ಕೇ ಫೋನಿನಲ್ಲಿ ಒಂದೇ ಒಂದು ನರಪಿಳ್ಳೆ ಕಾಣದ ಫೋಟೋಗಳನ್ನೇ ಹುಡುಕುತ್ತಿದ್ದ. ನೀರಿನ ಬಣ್ಣ, ಮರಳು, ನೆರಳು ಎಲ್ಲ ಆಮೇಲಿನ ಮಾತು.

ಬುದಿಮಿರ್‌ಗೆ ಫೋನು ಮಾಡಿ, "ಈ ವರ್ಷ ನಾವು ಬೇರೆ ಕಡೆ ಹೋಗ್ತೀವಿ ಕಣೋ, ಡಾಕ್ಟ್ರು ಗದ್ದಲ ಬೇಡ ಅಂದಿದ್ದಾರೆ," ಎಂದು ಸುಳ್ಳು ಹೇಳಿದ. ಬುದಿಮಿರ್, "ನಾವು ಗದ್ದಲ ಆಗ್ಬಿಟ್ವಾ? ಸರಿ ಬಿಡಪ್ಪ," ಎಂದು ಫೋನಿಟ್ಟ.

ಸಾರ್ತಿಯಿಂದ ತುಸು ದೂರದ ಒಂದು ಹಳ್ಳಿಯಲ್ಲಿ ಮೀನುಗಾರನ ವಿಧವೆಯೊಬ್ಬಳ ಮಹಡಿ ಕೋಣೆಯಲ್ಲಿ ಇಬ್ಬರೂ ಇಳಿದುಕೊಂಡರು. ಮೊದಲ ಬೆಳಗ್ಗೆ ತಿಹೊಮಿರ್ ಕರೆದುಕೊಂಡು ಹೋದದ್ದು ಬಿಳಿ ಬಂಡೆಗಳ ನಡುವಿನ ಪುಟ್ಟ ಕೊಲ್ಲಿಗೆ. ಮೇಕೆಗಳ ಜಾಡು ಹಿಡಿದು ಇಳಿಯಬೇಕು. ನೆವೆಂಕಾಳ ಎಡಗೈ ಭಾರ ಹೊರುವ ಹಾಗಿರಲಿಲ್ಲ. ಛತ್ರಿ, ಐಸ್ ಡಬ್ಬಿ, ಚಾಪೆ ಎಲ್ಲ ಇವನ ಹೆಗಲ ಮೇಲೆ. ಕೆಳಗಿನ ನೀರು ಹಸಿರು ಗಾಜಿನಂತಿತ್ತು. ಅವಳು ಗಂಡಸರ ದೊಗಲೆ ಅಂಗಿ ತೊಟ್ಟೇ ನೀರಿಗಿಳಿದಳು. ಬಟ್ಟೆ ನೀರು ತುಂಬಿ ಬಲೂನಿನಂತೆ ಸುತ್ತಲೂ ಎದ್ದಿತು.

"ಹೇಗಿದೆ?" ದಡದಿಂದ ಕೂಗಿದ.

"ಚೆನ್ನಾಗಿದೆ," ಎಂದಳು. ಅಷ್ಟೇ.

ಮಾರನೇ ದಿನ ಕೆಂಪು ಧೂಳಿನ ದಾರಿಯಲ್ಲಿ ಕಾರು ಕುಲುಕಿಸಿಕೊಂಡು ಇನ್ನೊಂದು ಕಡೆ ಹೋದರು. ಪೈನ್ ಮರಗಳು ಮರಳಿನವರೆಗೂ ಇಳಿದು ಬಂದಿದ್ದವು. ಅಲ್ಲಿ ಒಂದು ಟೆಂಟು, ಅದರ ಮುಂದೆ ಹುಡುಗ ಹುಡುಗಿ ಕಾಫಿ ಕಾಸುತ್ತಾ ಕೂತಿದ್ದರು. ತಿಹೊಮಿರ್ ಕಾರಿನಿಂದ ಇಳಿಯಲೇ ಇಲ್ಲ. ರಿವರ್ಸ್ ಗೇರು ಹಾಕಿದ.

"ಯಾಕೆ?"

"ಜನ ಇದಾರೆ."

ನೆವೆಂಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಳು. "ಇಬ್ರು ಮನುಷ್ಯರು, ಒಂದು ನಾಯಿ. ನಾಯಿ ಬೇರೆ ನಿದ್ದೆ ಮಾಡ್ತಿದೆ."

"ಆ ಕಡೆ ಇನ್ನೊಂದಿದೆ, ಇದಕ್ಕಿಂತ ಚೆನ್ನಾಗಿದೆ. ಫೋಟೋ ನೋಡಿದೀನಿ."

ಇನ್ನೊಂದು ಚೆನ್ನಾಗಿರಲಿಲ್ಲ. ಕೊಳೆತ ಕಡಲಪಾಚಿ ದಂಡೆಗೆ ಬಂದು ಬಿದ್ದು ನಾರುತ್ತಿತ್ತು. ಇಬ್ಬರೂ ಕಾರಿನಲ್ಲೇ ಕೂತು ಬ್ರೆಡ್ಡು, ಚೀಸು ತಿಂದು ವಾಪಸು ಬಂದರು. ಕೋಣೆಯಲ್ಲಿ ಅವಳು ಬಟ್ಟೆ ಬದಲಾಯಿಸುವಾಗ ತಿಹೊಮಿರ್ ಬಾಲ್ಕನಿಗೆ ಹೋಗಿ, ಒಣಗಿದ್ದ ಟವೆಲನ್ನೇ ಮತ್ತೆ ಕೊಡವಿ ಹರವಿದ.

ಮೂರನೆಯ ದಿನದ ತೀರ ಅವನ ಪ್ರಕಾರ ಎಲ್ಲಕ್ಕಿಂತ ಸುಂದರ. ಹಾಗೆಯೇ ಎಲ್ಲಕ್ಕಿಂತ ದೂರ. ಕಾರು ನಿಲ್ಲಿಸಿದ ಮೇಲೆ ಗುಡ್ಡದ ನೆತ್ತಿ ಬಳಸಿ ನಡೆಯಬೇಕು. ನೆರಳಿಲ್ಲ, ಮುಳ್ಳುಪೊದೆ, ಜೀರುಂಡೆಗಳ ಚೀರಾಟ. ತಿಹೊಮಿರ್ ಮುಂದೆ ಮುಂದೆ ಹೋಗುತ್ತಿದ್ದ. ಹಿಂದೆ ಕಲ್ಲು ಜಾರಿದ ಸದ್ದಾಯಿತು. ತಿರುಗಿದರೆ ನೆವೆಂಕಾ ಅಂಗೈ ಊರಿಕೊಂಡು ಕೂತುಬಿಟ್ಟಿದ್ದಾಳೆ, ಮುಖ ಬೀಟ್‌ರೂಟಿನಷ್ಟು ಕೆಂಪು.

"ಪೆಟ್ಟಾಯ್ತಾ?"

"ಇಲ್ಲ. ಸಾಕಾಯ್ತು."

"ಇನ್ನೇನು ಬಂದೇ ಬಿಡ್ತು ನೆನಾ. ಆ ತಿರುವು ದಾಟಿದ್ರೆ ಆಯ್ತು. ಅಲ್ಲಿ ಒಂದು ನರಪಿಳ್ಳೆ ಇರಲ್ಲ."

"ಅದೇ ಕೇಳ್ಬೇಕು ಅಂತಿದ್ದೆ." ಅವಳು ಬಾಟಲಿಯ ನೀರನ್ನು ಕುತ್ತಿಗೆಗೆ ಸುರಿದುಕೊಂಡಳು. "ಯಾರಿಂದ ಬಚ್ಚಿಡ್ತಾ ಇದೀಯ ನನ್ನ?"

"ಬಚ್ಚಿಡೋದೇನು ಬಂತು! ನಿನಗೋಸ್ಕರಾನೇ ಅಲ್ವಾ ಇಷ್ಟೆಲ್ಲ? ಹಿಮ ಇರೋವಾಗಿಂದ ಹುಡುಕ್ತಾ ಇದೀನಿ..."

"ನಾನು ಕೇಳಿದ್ನಾ? ಸಮುದ್ರಕ್ಕೆ ಹೋಗ್ಬೇಕು ಅಂದೆ. ಸಮುದ್ರ ಅಂದ್ರೆ ನನಗೆ ಸಾರ್ತಿ, ಸ್ಲಾವ್ಕಾನ ಹಾಳುಹರಟೆ, ಡೋನಟ್ ಮಾರೋನು. ನೀನು ನನ್ನನ್ನ ಮೇಕೆ ಹಾಗೆ ಬಂಡೆ ಹತ್ತಿಸ್ತಾ ಇದೀಯ. ಯಾವ ಡಾಕ್ಟ್ರು ಗದ್ದಲ ಬೇಡ ಅಂದ್ರು? ಸ್ಲಾವ್ಕಾ ಫೋನ್ ಮಾಡಿ ಅತ್ಲು, ಗೊತ್ತಾ?"

ತಿಹೊಮಿರ್ ಐಸ್ ಡಬ್ಬಿಯನ್ನು ಕೆಳಗಿಟ್ಟ. "ಜನ ನೋಡ್ತಾರೆ ಕಣೆ."

"ನೋಡ್ಲಿ."

"ನಿನಗೆ ನೋವಾಗುತ್ತೆ."

"ಜನರ ವಿಷಯ ಬಿಡು ತಿಹೊ." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನೀನು ನೋಡಿದೀಯಾ? ಇಷ್ಟು ತಿಂಗಳಲ್ಲಿ ಒಂದ್ಸಲ? ನಾನು ಬಟ್ಟೆ ಬಿಚ್ಚಿದ್ರೆ ನಿನಗೆ ಬಾಲ್ಕನೀಲಿ ಕೆಲಸ ಬರುತ್ತೆ. ಮನೇಲಾದ್ರೆ ಗೋಡೆ ಕಡೆ ತಿರುಗಿ ಮಲಗ್ತೀಯ. ನಾನು ಆಸ್ಪತ್ರೇಲಿ ಡ್ರೆಸ್ಸಿಂಗ್ ಬಿಚ್ಚಿಸ್ಕೊಂಡ ದಿನ ನೀನು ಕಾರು ಪಾರ್ಕ್ ಮಾಡೋಕೆ ಅಂತ ಹೋದೋನು ಎಲ್ಲ ಮುಗಿದ ಮೇಲೇ ಬಂದೆ."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಆ ದಿನ ಜಾಗ ಸಿಕ್ಕ ಮೇಲೂ ಸ್ಟೇರಿಂಗ್ ಹಿಡಿದುಕೊಂಡು ಸುಮ್ಮನೆ ಕೂತಿದ್ದದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ಅವಳೇ ಎದ್ದು, ಅವನನ್ನು ದಾಟಿ, ತಿರುವು ಕಳೆದು ಕೆಳಗಿಳಿದಳು. ಇವನು ಸಾಮಾನು ಹೊತ್ತು ಹಿಂಬಾಲಿಸಿದ. ಜಾಗವೇನೋ ನಿಜವಾಗಿಯೂ ಸುಂದರವಾಗಿತ್ತು. ಬೂದು ಬೆಣಚುಕಲ್ಲುಗಳ ಒಂದು ಚೂರು ದಂಡೆ, ತಳ ಕಾಣುವ ನೀರು. ನೆವೆಂಕಾ ನೀರಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಅವನ ಎದುರು ನಿಂತು ಅಂಗಿಯ ಗುಂಡಿ ಬಿಚ್ಚತೊಡಗಿದಳು.

"ಯಾರೂ ಇಲ್ಲದ ಜಾಗ ನೀನೇ ಆರಿಸಿದ್ದು. ನೋಡು ಈಗ."

ಕಣ್ಣು ತಪ್ಪಿಸಲು ಅಲ್ಲಿ ಗೋಡೆಯಿರಲಿಲ್ಲ, ಬಾಲ್ಕನಿಯಿರಲಿಲ್ಲ. ಅವನು ನೋಡಿದ. ಕಂಕುಳಿನಿಂದ ಎದೆಯ ನಡುವಿನವರೆಗೆ ಓರೆಯಾಗಿ ಇಳಿದ ಒಂದು ತೆಳು ಗುಲಾಬಿ ಗೆರೆ. ಒಂದು ತುದಿಯಲ್ಲಿ ಚರ್ಮ ಸ್ವಲ್ಪ ನೆರಿಗೆ ಕಟ್ಟಿತ್ತು. ಅದರ ಕೆಳಗೆ ಪಕ್ಕೆಲುಬುಗಳು ಉಸಿರಿನ ಜೊತೆ ಏಳುತ್ತಾ ಬೀಳುತ್ತಾ ಇದ್ದವು. ಇಷ್ಟು ತಿಂಗಳಿಂದ ಅವನ ಮನಸ್ಸಿನಲ್ಲಿ ಬೆಳೆಯುತ್ತಾ ಹೋದ ಗಾಯ ಇದಕ್ಕಿಂತ ಎಷ್ಟೋ ದೊಡ್ಡದಿತ್ತು.

"ಅಚ್ಚುಕಟ್ಟಾಗಿ ಹೊಲಿದಿದಾರೆ," ಎಂಬ ಮಾತು ಅವನ ಬಾಯಿಂದ ಹೊರಬಿತ್ತು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ನೆವೆಂಕಾ ಬಾಯಿ ತೆರೆದು ಅವನನ್ನೇ ನೋಡಿದಳು. ಆಮೇಲೆ ನಕ್ಕಳು. ಅಂಚೆ ಕಚೇರಿಯ ಆ ಹಳೆಯ ನಗು ಬಂಡೆಗೆ ಬಡಿದು ವಾಪಸು ಬಂತು. "ಥೂ ನಿನ್ನ! ಕೆಲಸಗಾರನ ಬುದ್ಧಿ ಎಲ್ಲಿ ಹೋಗುತ್ತೆ! ಇಷ್ಟು ದಿನ ಕಾಯ್ದಿದ್ದಕ್ಕೆ ಇದಾ ಮಾತು?"

ಅವನೂ ನಗಲು ಹೋದ. ಆಗಲಿಲ್ಲ. ಬೆಣಚುಕಲ್ಲಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನೋಡಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತಿತ್ತು ನೆನಾ. ನೋಡದೇ ಇದ್ರೆ, ಬೇರೆ ಯಾರಿಗೋ ಆಗಿದ್ದು ಅನ್ಕೊಂಡು ಇರಬಹುದಿತ್ತು. ನೀನು ಹೋಗ್ಬಿಟ್ರೆ ಅಂತ..."

ಅವಳು ಪಕ್ಕದಲ್ಲಿ ಕೂತಳು. "ನನಗೂ ಹೆದರಿಕೇನೇ," ಅಂದಳು. "ಆದ್ರೆ ಒಬ್ಬಳೇ ಹೆದರಿ ಹೆದರಿ ಸುಸ್ತಾಗಿತ್ತು."

ಇಬ್ಬರೂ ಐಸ್ ಡಬ್ಬಿ ತೆರೆದು ಪೀಚ್ ಹಣ್ಣು ತಿಂದರು. ಬೆರಳ ಸಂದಿಯಿಂದ ರಸ ಸುರಿಯಿತು. ಅವಳು ಅಂಗಿಯಿಲ್ಲದೆ ನೀರಿಗಿಳಿದು ಬಹಳ ಹೊತ್ತು ಈಜಿದಳು. ಅವನು ದಡದಲ್ಲಿ ಕೂತು, ತಲೆ ತಿರುಗಿಸದೆ ನೋಡಿದ.

"ನಾಳೆದು ನಾನು ಆರಿಸ್ತೀನಿ," ಎಂದಳು, ಗುಡ್ಡ ಹತ್ತುವಾಗ.

"ಗೊತ್ತು ಬಿಡು ಯಾವುದು ಅಂತ."

ಸಾರ್ತಿಯಲ್ಲಿ ಸಂತೆಯ ಹಾಗೆ ಜನ. ಛತ್ರಿಗೆ ಛತ್ರಿ ತಾಗುತ್ತಿತ್ತು, ಎಲ್ಲಿಂದಲೋ ಹಾಡು, ಎಲ್ಲಿಂದಲೋ ಮಕ್ಕಳ ರಂಪ. ಬುದಿಮಿರ್ ಹೊಟ್ಟೆ ಮುಂದಿಟ್ಟುಕೊಂಡು ಎದ್ದು ಬಂದ. ಮುಖ ಇನ್ನೂ ಊದಿಕೊಂಡೇ ಇತ್ತು. "ಏನಪ್ಪ, ಗದ್ದಲದೋರ ಹತ್ರ ಬಂದ್ಬಿಟ್ರಿ?"

"ತಪ್ಪಾಯ್ತು ಕಣೋ. ಡಾಕ್ಟ್ರು ಏನೂ ಹೇಳಿರ್ಲಿಲ್ಲ. ನಾನೇ ಹೇಳಿದ್ದು," ಎಂದ ತಿಹೊಮಿರ್.

ಬುದಿಮಿರ್ ಅವನ ಮುಖವನ್ನೇ ನೋಡಿ, ಬಯ್ಯಲು ತೆಗೆದ ಬಾಯನ್ನು ಮುಚ್ಚಿ, ಕುರ್ಚಿ ಎಳೆದು ಹಾಕಿದ. "ಕೂತ್ಕೋ. ಮನೇಲೇ ಇಳಿಸಿದ ರಾಕಿಯಾ ಕುಡಿತೀಯಾ? ಬಿಸಿಲು ಜಾಸ್ತಿ ಅಂತ ನೆಪ ಹೇಳ್ಬೇಡ."

ಸ್ಲಾವ್ಕಾ ನೆವೆಂಕಾಳನ್ನು ಅಪ್ಪಿಕೊಂಡಳು. ಆಮೇಲೆ ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಮಾತಿನ ಮಳೆ ಸುರಿಸಿದಳು. ನೀರು ಈ ಸಲ ತಣ್ಣಗಿದೆಯಂತೆ, ಮನೆಯೊಡತಿಗೆ ಮೊಮ್ಮಗ ಹುಟ್ಟಿದ್ದಾನಂತೆ, ಕಾಫಿ ಕೊಂಡರೆ ಮಾತ್ರ ಈಗ ಛತ್ರಿ ಕೊಡುತ್ತಾರಂತೆ. ನೆವೆಂಕಾ ಅಂಗಿ ತೆಗೆದಳು. ಒಳಗೆ ಹಳೆಯ ನೀಲಿ ಈಜುಡುಗೆ. ದಿಂಬಿನದು ಪಿರೋಟಿನ ಕಪಾಟಿನಲ್ಲೇ ಉಳಿದಿತ್ತು. ನೀಲಿ ಬಟ್ಟೆಯ ಎಡಭಾಗ ಬಾಡಿದ ಎಲೆಯ ಹಾಗೆ ಮೈಗೆ ಅಂಟಿಕೊಂಡಿತ್ತು. ಸ್ಲಾವ್ಕಾಳ ಮಾತು ಅರ್ಧಕ್ಕೆ ನಿಂತಿತು.

"ಅಳಬೇಡ ಮಾರಾಯ್ತಿ, ಕ್ರೀಮು ಕರಗುತ್ತೆ," ಎಂದಳು ನೆವೆಂಕಾ. "ಬೆನ್ನಿಗೆ ಹಚ್ಚು ಬಾ."

ಜನ ನೋಡಿದರು. ನೋಡುವುದಿಲ್ಲ ಅಂತ ತಿಹೊಮಿರ್ ಅಂದುಕೊಂಡಿರಲೂ ಇಲ್ಲ. ಪಕ್ಕದ ಛತ್ರಿಯ ಹೆಂಗಸು ಕಪ್ಪು ಕನ್ನಡಕದ ಹಿಂದಿನಿಂದ ದಿಟ್ಟಿಸಿದಳು, ಗಂಡನ ಪಕ್ಕೆಗೆ ತಿವಿದಳು. ಎದ್ದು ಹೋಗಿ ಅಡ್ಡ ನಿಲ್ಲಬೇಕೆಂದು ತಿಹೊಮಿರನ ಕಾಲುಗಳು ಚಡಪಡಿಸಿದವು. ಅಷ್ಟರಲ್ಲಿ ಡೋನಟ್ ಮಾರುವವನು ಸರ್ಬಿಯನ್ ಭಾಷೆಯಲ್ಲೇ, "ಬಿಸಿ ಬಿಸಿ, ಅತ್ತೆ ಒಬ್ಬಳನ್ನ ಬಿಟ್ಟು ಎಲ್ಲರಿಗೂ!" ಎಂದು ಕೂಗುತ್ತಾ ಬಂದ. ಆ ಹೆಂಗಸು ಎರಡು ಕೊಂಡು ತಿನ್ನತೊಡಗಿದಳು.

ನೀರಿನಂಚಿನಲ್ಲಿ ಮಾತ್ರ ನೆವೆಂಕಾ ನಿಂತುಬಿಟ್ಟಳು. ಚಪ್ಪಲಿ ಎಸೆದು ಓಡುತ್ತಿದ್ದವಳು ಪಾದ ತೋಯಿಸಿಕೊಂಡು ನಿಂತಿದ್ದಾಳೆ. ಬಲಗೈ ಮೆಲ್ಲನೆ ಎಡ ಎದೆಯ ಕಡೆಗೆ ಏರುತ್ತಿದೆ. ತಿಹೊಮಿರ್ ಗ್ಲಾಸು ಕೆಳಗಿಟ್ಟು ಎದ್ದ. ಸುಡುವ ಮರಳಿನ ಮೇಲೆ ಕುಪ್ಪಳಿಸುತ್ತಾ, ಯಾರದೋ ಟವೆಲು ತುಳಿದು ಬೈಸಿಕೊಂಡು, ಅವಳ ಹತ್ತಿರ ಬಂದ. ಏರುತ್ತಿದ್ದ ಆ ಕೈಯನ್ನು ಹಿಡಿದುಕೊಂಡ. ಇಬ್ಬರೂ ಮೊಣಕಾಲುದ್ದ, ಸೊಂಟದುದ್ದ ನೀರಿಗಿಳಿದರು. ಅಲೆಯೊಂದು ಬಂದಾಗ ಅವಳೇ ಕೈ ಬಿಡಿಸಿಕೊಂಡು ಮುಂದಕ್ಕೆ ಈಜಿದಳು.

ಸಂಜೆ ಹೊರಡುವ ಮುನ್ನ ದಂಡೆಯ ಮೇಲಿನ ನಲ್ಲಿಯ ಹತ್ತಿರ ಸಾಲಿತ್ತು. ತೆರೆದ ಬಯಲಿನಲ್ಲಿ ಒಂದು ಕಂಬ, ಅದರ ತುದಿಗೊಂದು ಷವರ್. ಸರದಿ ಬಂದಾಗ ನೆವೆಂಕಾ ಈಜುಡುಗೆಯ ಎಡ ಪಟ್ಟಿಯನ್ನು ಹೆಬ್ಬೆರಳಿನಿಂದ ಎತ್ತಿ ಹಿಡಿದು, "ಇಲ್ಲಿ ಮರಳು ಸಿಕ್ಕಾಕೊಂಡಿದೆ, ಉಜ್ಜುತ್ತೆ. ಸ್ವಲ್ಪ ತೊಳಿ," ಎಂದಳು, ಪಾತ್ರೆ ತೊಳಿ ಎಂಬಷ್ಟು ಸಹಜವಾಗಿ.

ತಿಹೊಮಿರ್ ಬೆರಳು ಒಳಗಿಟ್ಟ. ಗೆರೆಯ ಒಂದು ತುದಿ ಬೆರಳಿಗೆ ತಾಗಿತು. ಅವನು ಅಂದುಕೊಂಡಿದ್ದಕ್ಕಿಂತ ನುಣುಪಾಗಿತ್ತು, ಬೆಚ್ಚಗಿತ್ತು. "ನೋಯುತ್ತಾ?"

"ಅಲ್ಲಿ ಏನೂ ಗೊತ್ತಾಗಲ್ಲ. ಇನ್ನೂ ಕೆಳಗೆ... ಹಾಂ, ಅಲ್ಲಿ ಗೊತ್ತಾಗುತ್ತೆ."

ಅವನು ಒಂದೊಂದೇ ಮರಳಿನ ಕಣವನ್ನು ಹುಡುಕುವವನ ಹಾಗೆ ನಿಧಾನವಾಗಿ ತೊಳೆಯತೊಡಗಿದ. ಸಾಲಿನಲ್ಲಿ ಹಿಂದೆ ಮಗುವನ್ನು ಎತ್ತಿಕೊಂಡಿದ್ದ ಗಂಡಸೊಬ್ಬ ತಾಳ್ಮೆಗೆಟ್ಟು ಸರ್ಬಿಯನ್‌ನಲ್ಲೇ ಕೂಗಿದ, "ಅಣ್ಣಾ, ರಾತ್ರಿ ಇಲ್ಲೇ ಮಲಗ್ತೀರಾ ಹೇಗೆ?"

"ಇರಪ್ಪ, ಬೇಕಾದಷ್ಟು ಮರಳು ಇದೆ ಇಲ್ಲಿ," ಎಂದ ತಿಹೊಮಿರ್, ತಿರುಗಿಯೂ ನೋಡದೆ.